ನಾನ್ ಕಿಲೋಮೀಟರ್ ದೂರ

ಚಿಕ್ಕಮಗಳೂರಿನ ಒಂದು ಟ್ಯುಟೋರಿಯಲ್‌ನಲ್ಲಿ ಪಿಯುಸಿ ಮಕ್ಕಳಿಗೆ ಗಣಿತ ಹೇಳಿಕೊಡುತ್ತಿದ್ದಾಗ, ಪ್ರತಿ ವರ್ಷವೂ ಯಾರಾದರೊಬ್ಬರು ತಪ್ಪದೆ ಎದ್ದು ನಿಂತು ಕೇಳುತ್ತಿದ್ದರು, "ಟೀಚರ್, ಈ ಸೈನ್ ಇನ್ವರ್ಸ್, ಕಾಸ್ ಇನ್ವರ್ಸ್ ಎಲ್ಲ ಯಾವ ಕೆಲಸಕ್ಕೆ ಬರುತ್ತೆ?" ನಾನೂ ತಪ್ಪದೆ ಒಂದೇ ಉತ್ತರ ಕೊಡುತ್ತಿದ್ದೆ: "ಪರೀಕ್ಷೆಗೆ ಬರುತ್ತೆ. ಬರ್ಕೊಳ್ಳಿ." ಅದಕ್ಕಿಂತ ಹೆಚ್ಚು ನನಗೂ ಗೊತ್ತಿರಲಿಲ್ಲ.

ತೊಂಬತ್ತರ ದಶಕದ ನಡುವಿನಲ್ಲಿ ನಾನು ಪಾಠ ಹೇಳುವುದನ್ನು ಬಿಟ್ಟು ಕಂಪ್ಯೂಟರ್ ಪ್ರೋಗ್ರಾಮ್ ಬರೆಯುವ ಕೆಲಸಕ್ಕೆ ಸೇರಿದೆ. ನಿವೃತ್ತಳಾಗುವವರೆಗೂ ಅದರಲ್ಲೇ ಇದ್ದೆ. ಈಗ ಈ ಕೆಲಸಕ್ಕೆ ಹೊಸದಾಗಿ ಹೊರಟವರು ನನ್ನನ್ನು ಕಂಡರೆ ಯಾವ ಭಾಷೆ ಕಲಿತರೆ ಒಳ್ಳೆಯದು, ಯಾವ ಕಂಪನಿ ಸೇರಿದರೆ ಒಳ್ಳೆಯದು ಎಂದು ಕೇಳುತ್ತಾರೆ. ನಾನು ಕಲಿತ ಭಾಷೆಗಳನ್ನು ಈಗ ಯಾರೂ ಮುಟ್ಟುವುದಿಲ್ಲ. ನಾನು ಕೆಲಸ ಮಾಡಿದ ಕಂಪನಿ ಇದ್ದ ಜಾಗದಲ್ಲಿ ಮೊಬೈಲ್ ಅಂಗಡಿ ಇದೆ. ಹಾಗಾಗಿ ಸಲಹೆ ಕೊಡುವ ಗೋಜಿಗೆ ಹೋಗದೆ, ನಡೆದದ್ದನ್ನಷ್ಟೇ ಬರೆಯುತ್ತೇನೆ.

ನಮ್ಮ ಆಫೀಸು ಎಂ.ಜಿ. ರಸ್ತೆಯಿಂದ ಸ್ವಲ್ಪ ಒಳಗೆ, ಕಾಫಿ ಗಿಡ ಸವರುವ ಕತ್ತರಿ ಮತ್ತು ಔಷಧಿ ಹೊಡೆಯುವ ಸ್ಪ್ರೇಯರ್ ಮಾರುವ ಅಂಗಡಿಯ ಮಹಡಿಯ ಮೇಲಿತ್ತು. ನಮ್ಮ ಕಂಪನಿಯ ಮಾಲೀಕರು ಶಿವಶಂಕರಯ್ಯನವರು. ಅವರು ಮೊದಲು ಕಾಫಿ ಬೀಜ ಹದಮಾಡುವ ಒಂದು ಕ್ಯೂರಿಂಗ್ ವರ್ಕ್ಸ್‌ನಲ್ಲಿ ಅಕೌಂಟ್ಸ್ ನೋಡಿಕೊಳ್ಳುತ್ತಿದ್ದವರು. ಕಂಪ್ಯೂಟರನ್ನು ಗೌರವಿಸುತ್ತಿದ್ದರು, ಆದರೆ ನಂಬುತ್ತಿರಲಿಲ್ಲ. ಪರದೆಯ ಮೇಲೆ ಏನೇ ಕಂಡರೂ ಅದನ್ನು ಪ್ರಿಂಟ್ ತೆಗೆಸಿ, ಕೆಂಪು ಪೆನ್ನಿನಿಂದ ಟಿಕ್ ಹಾಕಿದ ಮೇಲೆಯೇ ಅದು ಅವರ ಪಾಲಿಗೆ ನಿಜವಾಗುತ್ತಿತ್ತು. ವೆಬ್‌ಸೈಟುಗಳ ಕಾಲ ಬಂದ ಮೇಲೂ ಹಾಗೆಯೇ. ಒಂದೊಂದು ಪುಟವನ್ನೂ ಪ್ರಿಂಟ್ ಮಾಡಿಸಿ, ನೀಲಿ ಅಕ್ಷರದ ಲಿಂಕುಗಳ ಮೇಲೆ ಬೆರಳಿಟ್ಟು, "ಇದನ್ನ ಒತ್ತಿದ್ರೆ ಯಾವ ಹಾಳೆಗೆ ಹೋಗುತ್ತೆ?" ಎಂದು ಕೇಳಿ, ಆ ಹಾಳೆಯನ್ನು ಕಟ್ಟಿನಿಂದ ಹುಡುಕಿ ತೆಗೆದು ನೋಡುತ್ತಿದ್ದರು. ಇಂಟರ್‌ನೆಟ್ ಎಂದರೆ ಏನೆಂದು ಆಮೇಲೆ ಬಹಳ ಜನ ನನಗೆ ವಿವರಿಸಿದ್ದಾರೆ. ಅವರಷ್ಟು ಸ್ಪಷ್ಟವಾಗಿ ಯಾರೂ ಮಾಡಿ ತೋರಿಸಲಿಲ್ಲ.

ಮೂರನೆಯವನು ಇಮ್ತಿಯಾಜ್. ಮೊದಲು ಅಂಗಡಿಗಳ ಬೋರ್ಡ್ ಬರೆಯುತ್ತಿದ್ದ, ನಮ್ಮಲ್ಲಿ ವೆಬ್‌ಸೈಟಿನ ಚಿತ್ರಗಳನ್ನು ಮಾಡುತ್ತಿದ್ದ. ನಾವು ಮೂರು ಜನವೇ ಕಂಪನಿ.

ಮೊದಮೊದಲು ನಮ್ಮದು ಎಸ್ಟೇಟಿನ ಆಳುಗಳ ಹಾಜರಿ, ವಾರದ ಬಟವಾಡೆಯ ಪ್ರೋಗ್ರಾಮುಗಳು. ಅದರಲ್ಲಿ ಕೂಡು-ಕಳೆ ಬಿಟ್ಟರೆ ಬೇರೆ ಗಣಿತವಿರಲಿಲ್ಲ. ಎರಡು ಸಾವಿರದ ಇಸವಿ ದಾಟಿದ ಮೇಲೆ ಕೊಟ್ಟಿಗೆಹಾರದ ಒಬ್ಬ ಹೋಂಸ್ಟೇಯವರು ಬಂದು, ತಮಗೊಂದು ವೆಬ್‌ಸೈಟ್ ಬೇಕು, ಅದರಲ್ಲಿ ಒಂದು ದಿಕ್ಸೂಚಿ ಇರಬೇಕು ಎಂದರು. ಸುತ್ತಮುತ್ತಲ ಜಾಗದ ಹೆಸರು ಒತ್ತಿದರೆ ದಿಕ್ಸೂಚಿಯ ಬಾಣ ಆ ಕಡೆಗೆ ತಿರುಗಬೇಕು. ಹೋಂಸ್ಟೇಯಿಂದ ಆ ಜಾಗ ಉತ್ತರಕ್ಕೆ ಎಷ್ಟು, ಪೂರ್ವಕ್ಕೆ ಎಷ್ಟು ಎಂದು ನಕ್ಷೆಯಲ್ಲಿ ಅಳೆಯಬಹುದು. ಆ ಎರಡು ಸಂಖ್ಯೆಗಳಿಂದ ಕೋನ ಕಂಡುಹಿಡಿಯಬೇಕು. ಕೋನ ಕೊಟ್ಟರೆ ಟ್ಯಾನ್ ಎಷ್ಟೆಂದು ಹೇಳುವುದು ಸಾಮಾನ್ಯ ತ್ರಿಕೋನಮಿತಿ. ಟ್ಯಾನ್ ಕೊಟ್ಟು ಕೋನ ಕೇಳಿದರೆ ಅದೇ ವಿಲೋಮ, ಅಂದರೆ ಇನ್ವರ್ಸ್. ಅಷ್ಟು ವರ್ಷ ಬೋರ್ಡಿನ ಮೇಲೆ ಬರೆದದ್ದು ಮೊದಲ ಸಲ ನನ್ನನ್ನು ಕೆಲಸಕ್ಕೆ ಕರೆದಿತ್ತು. ನನಗೆ ಹಬ್ಬದಂತಾಯಿತು.

ಆ ಕಾಲದಲ್ಲಿ ಪುಟದ ಮೇಲೆ ಚಿತ್ರವನ್ನು ತಿರುಗಿಸುವ ಸೌಲಭ್ಯವಿರಲಿಲ್ಲ. ಇಮ್ತಿಯಾಜ್ ಹತ್ತು ಡಿಗ್ರಿಗೊಂದರಂತೆ ಬಾಣದ ಚಿತ್ರಗಳನ್ನು ಬರೆದುಕೊಟ್ಟ. ಕೋನ ನೋಡಿ ಅವುಗಳಲ್ಲಿ ಒಂದನ್ನು ತೋರಿಸುವುದು ನನ್ನ ಪ್ರೋಗ್ರಾಮಿನ ಕೆಲಸ. ಮೊದಲ ದಿನ ಯಾವ ಊರನ್ನು ಒತ್ತಿದರೂ ಬಾಣ ಅಲ್ಲಾಡಲಿಲ್ಲ. ಕಂಪ್ಯೂಟರ್ ಕೋನವನ್ನು ಡಿಗ್ರಿಯಲ್ಲಿ ಅಲ್ಲ, ರೇಡಿಯನ್‌ನಲ್ಲಿ ಕೊಡುತ್ತದೆ. ನಲವತ್ತೈದು ಡಿಗ್ರಿ ಅದರ ಬಾಯಲ್ಲಿ ಮುಕ್ಕಾಲು ಚಿಲ್ಲರೆ. ಹತ್ತು ಡಿಗ್ರಿಗೊಂದು ಚಿತ್ರ ಎಂದ ಮೇಲೆ ಮುಕ್ಕಾಲಕ್ಕೆ ಮೊದಲ ಚಿತ್ರವೇ ಸಿಗುವುದು.

"ಮೇಡಂ, ನಾನು ಇಷ್ಟೊಂದು ಬಾಣ ಬರ್ದಿದ್ದು ಒಂದಕ್ಕೇನಾ?" ಎಂದ ಇಮ್ತಿಯಾಜ್.

ಅದನ್ನು ಸರಿಪಡಿಸಿ, ಮೂಡಿಗೆರೆ, ವಸ್ತಾರೆ, ಚಿಕ್ಕಮಗಳೂರನ್ನು ಒತ್ತಿ ನೋಡಿದೆವು. ಮೂರಕ್ಕೂ ಬಾಣ ಸರಿಯಾಗಿ ತಿರುಗಿತು. ಶಿವಶಂಕರಯ್ಯನವರು ಮೂರು ಪ್ರಿಂಟ್ ತೆಗೆಸಿ ಟಿಕ್ ಹಾಕಿದರು. ಸೈಟು ಲೋಕಾರ್ಪಣೆಯಾಯಿತು.

ಕೊಟ್ಟಿಗೆಹಾರದಿಂದ ಆ ಮೂರು ಊರುಗಳೂ ಪೂರ್ವಕ್ಕೇ ಇವೆ. ಜನ ಅಲ್ಲಿಗೆ ಬರುವುದು ಪಶ್ಚಿಮದಲ್ಲಿರುವ ಚಾರ್ಮಾಡಿ ಘಾಟಿ ನೋಡುವುದಕ್ಕೆ ಎಂಬುದು ನಮ್ಮ ಮೂವರ ತಲೆಗೂ ಹೋಗಿರಲಿಲ್ಲ. ಘಾಟಿಯ ಜಲಪಾತ ಹೋಂಸ್ಟೇಯಿಂದ ನೈಋತ್ಯಕ್ಕೆ, ಅಂದರೆ ಉತ್ತರಕ್ಕೂ ಮೈನಸ್, ಪೂರ್ವಕ್ಕೂ ಮೈನಸ್. ನಾನು ಒಂದನ್ನು ಇನ್ನೊಂದರಿಂದ ಭಾಗಿಸಿ ಟ್ಯಾನ್ ಇನ್ವರ್ಸ್‌ಗೆ ಕೊಟ್ಟಿದ್ದೆ. ಮೈನಸ್ಸನ್ನು ಮೈನಸ್ಸಿನಿಂದ ಭಾಗಿಸಿದರೆ ಪ್ಲಸ್. ಕಂಪ್ಯೂಟರಿಗೆ ನೈಋತ್ಯಕ್ಕೂ ಈಶಾನ್ಯಕ್ಕೂ ವ್ಯತ್ಯಾಸ ಗೊತ್ತಾಗದೆ, ಬಾಣ ಘಾಟಿಗೆ ಬೆನ್ನು ಮಾಡಿ ನಿಂತಿತು.

ಇದು ನಮಗೆ ತಿಳಿದದ್ದು ಜಾವಳಿಯಿಂದ ಮಂಜಪ್ಪ ಗೌಡರು ಆಫೀಸಿನ ಮೆಟ್ಟಿಲು ಹತ್ತಿ ಬಂದಾಗ. ಅವರ ಮಗಳು ನನ್ನ ಟ್ಯುಟೋರಿಯಲ್‌ನಲ್ಲಿ ಓದಿದ್ದಳು. ಹಾಗಾಗಿ ನಾನು ಅವರಿಗೆ ಕೊನೆಯವರೆಗೂ ಟೀಚರೇ.

"ಟೀಚರ್, ಚಾರ್ಮಾಡಿ ಘಾಟಿ ಯಾವ ಕಡೆ ಬರುತ್ತೆ?" ಎಂದರು ಕುರ್ಚಿ ಎಳೆದುಕೊಳ್ಳುತ್ತ.

"ಕೊಟ್ಟಿಗೆಹಾರದಿಂದ ನೈಋತ್ಯಕ್ಕೆ" ಎಂದೆ.

"ನಾನೂ ಹಾಗೇ ತಿಳ್ಕೊಂಡಿದ್ದೆ. ಆದ್ರೆ ಹೋದ ತಿಂಗಳಿಂದ ಬೆಂಗಳೂರಿನೋರು ನಮ್ಮ ಕಾಫಿ ಕಣಕ್ಕೆ ಬಂದು ಕಾರ್ ನಿಲ್ಸಿ, ಫಾಲ್ಸ್ ಎಲ್ಲಿ ಅಂತ ಕೇಳ್ತಾರೆ. ಒಬ್ಬೊಬ್ರ ಕೈಲೂ ನಿಮ್ಮ ಬಾಣದ ಹಾಳೆ."

ಶಿವಶಂಕರಯ್ಯನವರು ಎದ್ದು ನಿಂತರು. "ತಪ್ಪಾಗಿದೆ ಗೌಡ್ರೆ. ಇವತ್ತೇ ಸರಿ ಮಾಡಿಸ್ತೀವಿ."

"ಸರಿ ಎಂತಕ್ಕೆ ಮಾಡ್ತೀರಿ ಮಾರಾಯ್ರೆ? ದಾರಿ ತಪ್ಪಿ ಬಂದೋರನ್ನ ಹಾಗೇ ಕಳ್ಸಕ್ಕಾಗುತ್ತಾ? ನಮ್ಮನೆಯವ್ಳು ಕಡುಬು, ಕೋಳಿಸಾರು ಮಾಡಿ ಬಡಿಸಿದ್ಲು. ಈಗ ಅವ್ರೇ ಫೋನ್ ಮಾಡಿ, ಮುಂದಿನ ವಾರ ಮತ್ತೆ ಬರ್ತೀವಿ, ರೂಮ್ ಸಿಗುತ್ತಾ ಅಂತಾರೆ. ಫಾಲ್ಸ್ ಸುದ್ದಿ ಯಾರೂ ಎತ್ತಲ್ಲ. ನಂಗೂ ಒಂದು ವೆಬ್‌ಸೈಟ್ ಮಾಡ್ಕೊಡಿ ಅಂತ ಕೇಳಕ್ಕೆ ಬಂದೆ. ಆ ಬಾಣ ಇದ್ದ ಹಾಗೇ ಇರ್ಲಿ."

ಬಾಣವನ್ನು ಹಾಗೇ ಬಿಡಲಾಗಲಿಲ್ಲ. ಭಾಗಾಕಾರ ಮಾಡದೆ ಎರಡು ಸಂಖ್ಯೆಗಳನ್ನೂ ಬೇರೆಬೇರೆಯಾಗಿ ತೆಗೆದುಕೊಂಡು ಸರಿಯಾದ ದಿಕ್ಕು ಹೇಳುವ ಆಟ್ಯಾನ್-ಟು ಎಂಬ ಇನ್ನೊಂದು ಆದೇಶ ಮೊದಲಿನಿಂದಲೂ ಇತ್ತು. ನಾನು ಪುಸ್ತಕದ ಆ ಪುಟ ತಿರುವಿರಲಿಲ್ಲ, ಅಷ್ಟೆ. ಮಾರನೆಯ ದಿನ ಬಾಣ ಘಾಟಿಯ ಕಡೆಗೆ ತಿರುಗಿತು. ಗೌಡರಿಗೆ ಬೇಸರವಾಯಿತು. ಅದನ್ನು ಅವರು ಬಹಳ ಕಾಲ ಹೇಳಿಕೊಂಡರು.

ಅಷ್ಟರಲ್ಲಿ ಕಾಫಿಯ ಬೆಲೆ ಬಿತ್ತು. ಎಸ್ಟೇಟಿನವರು ಹೊಸ ಪ್ರೋಗ್ರಾಮ್ ಮಾಡಿಸುವುದನ್ನು ನಿಲ್ಲಿಸಿದರು. ನಮ್ಮ ಆಫೀಸಿನಲ್ಲಿ ಫೋನ್ ರಿಂಗಾಗುವುದೂ ಅಪರೂಪವಾಯಿತು. ಶಿವಶಂಕರಯ್ಯನವರು ಇಮ್ತಿಯಾಜನಿಗೆ, "ನಿನ್ನ ಬೋರ್ಡ್ ಬರೆಯೋ ಬ್ರಶ್ ಇನ್ನೂ ಇದೆಯಾ?" ಎಂದು ಕೇಳಿದ ದಿನ ನಾನೂ ಟ್ಯುಟೋರಿಯಲ್‌ನವರ ನಂಬರ್ ಹುಡುಕಿದೆ. ಆಗ ನಮ್ಮನ್ನು ಉಳಿಸಿದ್ದು ಮಂಜಪ್ಪ ಗೌಡರೇ. ಜಾವಳಿ, ಕಳಸ, ಮೂಡಿಗೆರೆ ಕಡೆಯ ಬೆಳೆಗಾರರನ್ನು ಒಟ್ಟುಮಾಡಿ, ಎಲ್ಲರ ಹೋಂಸ್ಟೇಗಳಿಗೂ ಸೇರಿ ಒಂದೇ ಸೈಟು ಮಾಡಿಸೋಣ ಎಂದು ಒಪ್ಪಿಸಿದರು. ಸೈಟಿನ ಮುಖ್ಯ ಆಕರ್ಷಣೆ ಒಂದು ಗುಂಡಿ. ಯಾವುದೇ ಎಸ್ಟೇಟನ್ನು ಆರಿಸಿ ಆ ಗುಂಡಿ ಒತ್ತಿದರೆ, ಅಲ್ಲಿಂದ ಹತ್ತಿರವಿರುವ ಹೋಂಸ್ಟೇಗಳು ದೂರದ ಸಮೇತ ಸಾಲಾಗಿ ಬರಬೇಕು. ಒಂದು ಕಡೆ ರೂಮ್ ಇಲ್ಲದಿದ್ದರೆ ಅತಿಥಿ ಪಕ್ಕದವರ ಮನೆಗೆ ಹೋಗಲಿ ಎಂಬ ಲೆಕ್ಕ.

ಸೇರಿದವರಲ್ಲಿ ಒಬ್ಬರು ಲಲಿತಮ್ಮನವರು. ಗೌಡರ ಸ್ವಂತ ಅಕ್ಕ. ತಂದೆ ತೋಟವನ್ನು ಇಬ್ಬರಿಗೂ ಪಾಲು ಮಾಡಿಕೊಟ್ಟಿದ್ದರು. ಎರಡು ಮನೆಗಳ ನಡುವೆ ಒಂದೇ ಬೇಲಿ. ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಯಂತ್ರ ತಮ್ಮನ ಪಾಲಿಗೆ ಹೋಗಿತ್ತು. ಒಂದು ವರ್ಷ ಅಕ್ಕ ಅದನ್ನು ಎರವಲು ತಂದಾಗ ಅದರ ಗೇರ್ ಚಕ್ರದ ಹಲ್ಲು ಮುರಿದಿತ್ತು. ಮುರಿದದ್ದು ಯಾರ ಕೈಯಲ್ಲಿ ಎಂಬ ಜಗಳದಲ್ಲಿ ಇಬ್ಬರ ನಡುವೆ ಮಾತು ನಿಂತಿತ್ತು. ಅದಾಗಿ ವರ್ಷಗಳೇ ಕಳೆದಿದ್ದವು.

ಇಮ್ತಿಯಾಜ್ ಯಾರದೋ ಜಿಪಿಎಸ್ ಯಂತ್ರ ತಂದು, ಜೀಪಿನಲ್ಲಿ ಎಲ್ಲ ಎಸ್ಟೇಟುಗಳಿಗೂ ಹೋಗಿ ಅಕ್ಷಾಂಶ ರೇಖಾಂಶ ಗುರುತು ಮಾಡಿಕೊಂಡು ಬಂದ. ಭೂಮಿ ಗುಂಡಗಿರುವುದರಿಂದ ಎರಡು ಜಾಗಗಳ ದೂರ ಕಂಡುಹಿಡಿಯಲು ಒಂದು ಹಳೆಯ ಸೂತ್ರವಿದೆ. ಅಕ್ಷಾಂಶ ರೇಖಾಂಶಗಳ ಸೈನ್, ಕಾಸ್ ಬೆಲೆಗಳನ್ನು ಗುಣಿಸಿ ಕೂಡಿಸಿ, ಕೊನೆಗೆ ಬಂದ ಸಂಖ್ಯೆಯ ಕಾಸ್ ಇನ್ವರ್ಸ್ ತೆಗೆದು, ಭೂಮಿಯ ತ್ರಿಜ್ಯದಿಂದ ಗುಣಿಸಿದರೆ ದೂರ ಸಿಗುತ್ತದೆ.

"ಕಾಸು ಇನ್ವರ್ಸ್ ಅಂದ್ರೆ?" ಎಂದರು ಶಿವಶಂಕರಯ್ಯನವರು. "ಕಾಸು ಉಲ್ಟಾ ಆಗೋದಕ್ಕೆ ನಾವು ನಷ್ಟ ಅಂತೀವಿ."

ವಿವರಿಸಿದೆ. ಅವರು ಸಮಾಧಾನದಿಂದ ಕೇಳಿ, ಪ್ರತಿ ಎಸ್ಟೇಟಿನ ಸೈನು ಕಾಸುಗಳನ್ನು ಮೊದಲೇ ಲೆಕ್ಕ ಹಾಕಿ ಕಂಪ್ಯೂಟರಿನಲ್ಲಿ ಇಟ್ಟುಬಿಡೋಣ, ಎಲ್ಲವೂ ಆರು ದಶಮಾಂಶಕ್ಕೆ ನಿಲ್ಲಲಿ, ನಡುವೆ ಬರುವ ಉತ್ತರಗಳೂ ಆರಕ್ಕೇ ನಿಲ್ಲಲಿ ಎಂದು ತೀರ್ಮಾನ ಕೊಟ್ಟರು. ಬಾಲ ಬಿಟ್ಟುಕೊಂಡು ಹೋಗುವ ಸಂಖ್ಯೆಗಳನ್ನು ಕಂಡರೆ ಅವರಿಗೆ ಅಂಗಿ ಗುಂಡಿ ಹಾಕಿಕೊಳ್ಳದವರನ್ನು ಕಂಡ ಹಾಗೆ.

"ಇನ್ನೂ ಸ್ವಲ್ಪ ಜಾಸ್ತಿ ಇಟ್ಕೊಳ್ಳೋಣ ಸರ್" ಎಂದೆ.

"ಕ್ಯೂರಿಂಗ್‌ನಲ್ಲಿ ಇಡೀ ಜಿಲ್ಲೆ ಕಾಫಿನ ಮೂರು ದಶಮಾಂಶದಲ್ಲಿ ತೂಗಿದೀನಿ. ನಿಮಗೆ ಆರು ಕೊಟ್ಟಿದೀನಿ" ಎಂದರು. ಉದಾರವಾಗಿಯೇ ಕೊಟ್ಟಿದ್ದರು. ಚಿಕ್ಕಮಗಳೂರಿನಿಂದ ಕಳಸ, ವಸ್ತಾರೆಯಿಂದ ಕೊಟ್ಟಿಗೆಹಾರ ಎಲ್ಲ ಲೆಕ್ಕ ಹಾಕಿ ನೋಡಿದೆವು. ನಕ್ಷೆಯ ದೂರಕ್ಕೆ ಸರಿಹೋಯಿತು. ಕೆಂಪು ಟಿಕ್ ಬಿತ್ತು.

ಮೂಡಿಗೆರೆಯ ಒಂದು ಸಭಾಂಗಣದಲ್ಲಿ ಬೆಳೆಗಾರರ ಮುಂದೆ ಸೈಟು ತೋರಿಸುವ ದಿನ ಬಂತು. ಅವರು ನೋಡಿ ಒಪ್ಪಿದರೆ ನಮಗೆ ಕೆಲಸ, ಇಲ್ಲದಿದ್ದರೆ ಇಮ್ತಿಯಾಜನಿಗೆ ಬ್ರಶ್ಶು, ನನಗೆ ಟ್ಯುಟೋರಿಯಲ್. ಲಲಿತಮ್ಮನವರು ಮುಂದಿನ ಸಾಲಿನ ಬಲತುದಿಯಲ್ಲಿ ಕೂತಿದ್ದರು, ಗೌಡರು ಎಡತುದಿಯಲ್ಲಿ. ಮೊದಲು ಒತ್ತುವ ಗೌರವವನ್ನು ಗೌಡರಿಗೇ ಕೊಟ್ಟೆವು. ಅವರು ತಮ್ಮ ಎಸ್ಟೇಟನ್ನು ಆರಿಸಿ, ಹತ್ತಿರದ ಹೋಂಸ್ಟೇ ಎಂಬ ಗುಂಡಿ ಒತ್ತಿದರು.

ಮೊದಲನೆಯ ಸಾಲಿನಲ್ಲಿ ಅವರ ಎಸ್ಟೇಟೇ ಬಂತು. ಒಂದು ಜಾಗಕ್ಕೆ ಅದೇ ಜಾಗವೇ ಎಲ್ಲಕ್ಕಿಂತ ಹತ್ತಿರವೆಂಬುದನ್ನು ನಾನು ಪಟ್ಟಿಯಿಂದ ತೆಗೆಯುವುದಕ್ಕೆ ಮರೆತಿದ್ದೆ. ಅದರ ಎದುರಿಗೆ ದೂರದ ಜಾಗದಲ್ಲಿ ಇಂಗ್ಲಿಷಿನ ಮೂರು ಅಕ್ಷರಗಳು.

"ಎನ್, ಎ, ಎನ್" ಎಂದು ಗೌಡರು ಕೂಡಿಸಿ ಓದಿದರು. "ನಾನ್ ಕಿಲೋಮೀಟರ್. ಇದೆಂತದು ಟೀಚರ್? ನಾನ್ ನಮ್ಮನೆಯಿಂದ ನಾನ್ ಕಿಲೋಮೀಟರ್ ದೂರ ಇದೀನಾ?"

ಸಭೆ ನಗುವಿನಿಂದ ಕುಲುಕಿತು. ಶಿವಶಂಕರಯ್ಯನವರು ಮುಂದೆ ಬಂದರು. "ಅದು ನಾಟ್ ಎ ನಂಬರ್ ಅಂತ ಗೌಡ್ರೆ. ಸಂಖ್ಯೆ ಅಲ್ಲ ಅಂತ ಅರ್ಥ."

"ನಾನ್ ಸಂಖ್ಯೆ ಅಲ್ಲ ಅಂತ ನಂಗೊತ್ತು ಮಾರಾಯ್ರೆ. ಎಷ್ಟು ದೂರ ಅಂತ ಕೇಳಿದ್ದು."

ಎರಡನೆಯ ಸಾಲಿನಲ್ಲಿ ಲಲಿತಮ್ಮನವರ ಹೋಂಸ್ಟೇ ಇತ್ತು. ದೂರ, ಒಂಬತ್ತು ಪಾಯಿಂಟ್ ಸೊನ್ನೆ ಒಂದು ಕಿಲೋಮೀಟರ್. ಗೌಡರು ಅದನ್ನು ಗಟ್ಟಿಯಾಗಿ ಓದಿ, ಸಭೆಯ ಕಡೆಗೆ ತಿರುಗಿ, "ಅಲ್ಲಿ ಹಸು ಕೂಗಿದ್ರೆ ಇಲ್ಲಿ ನಮ್ಮ ಕರು ಕಿವಿ ನಿಗುರಿಸುತ್ತೆ. ಒಂಬತ್ತು ಕಿಲೋಮೀಟರ್ ಅಂತೆ" ಎಂದರು.

ಬಲತುದಿಯಿಂದ ಲಲಿತಮ್ಮನವರು ಯಾರ ಮುಖವನ್ನೂ ನೋಡದೆ ಹೇಳಿದರು, "ಕಂಪ್ಯೂಟರ್ ಸರಿಯಾಗೇ ಹೇಳಿದೆ. ಪಲ್ಪರ್ ಮುರಿದಾಗಿಂದ ಅಷ್ಟೇ ದೂರ."

ಈಗ ಯಾರೂ ನಗಲಿಲ್ಲ. ಗೌಡರು ಮೌಸನ್ನು ಮೇಜಿನ ಮೇಲೆ ನಿಧಾನವಾಗಿ ಇಟ್ಟರು. ಬೆಳೆಗಾರರು ತಮ್ಮತಮ್ಮಲ್ಲೇ ಮಾತಾಡಿಕೊಂಡು, ಇನ್ನೊಂದು ಅವಕಾಶ ಕೊಡುತ್ತೇವೆ, ಆದರೆ ಮುಂದಿನ ಸಲ ಪಕ್ಕದ ಮನೆ ಪಕ್ಕದಲ್ಲೇ ಇರಬೇಕು ಎಂದು ಹೇಳಿ ಎದ್ದರು.

ಆಫೀಸಿಗೆ ಬಂದ ಮೇಲೆ ಇಮ್ತಿಯಾಜ್ ಆ ಪಟ್ಟಿಯನ್ನೇ ದಿಟ್ಟಿಸಿ ನೋಡುತ್ತ, "ಮೇಡಂ, ಇಲ್ಲಿ ನೋಡಿ. ಬೇರೆಬೇರೆ ಕಡೆಯ ನಾಲ್ಕು ಎಸ್ಟೇಟಿಗೂ ಹನ್ನೆರಡು ಪಾಯಿಂಟ್ ಏಳು ನಾಲ್ಕೇ ಬಂದಿದೆ" ಎಂದ. ಆಗ ನನಗೆ ಹೊಳೆಯಿತು. ಶಿವಶಂಕರಯ್ಯನವರ ಮೇಜಿನ ಮೇಲಿದ್ದ ಕ್ಯಾಲ್ಕುಲೇಟರ್ ಅನ್ನು ಅವರ ಕೈಗೇ ಕೊಟ್ಟೆ.

"ಸರ್, ಒಂದು ಅಂತ ಒತ್ತಿ ಕಾಸ್ ಇನ್ವರ್ಸ್ ತೆಗೀರಿ."

"ಸೊನ್ನೆ."

"ಒಂದಕ್ಕಿಂತ ಕಡಿಮೆ ಇರೋದ್ರಲ್ಲಿ, ನಿಮ್ಮ ಆರು ದಶಮಾಂಶದಲ್ಲಿ ಅದಕ್ಕೆ ತೀರ ಹತ್ತಿರದ ಸಂಖ್ಯೆ ಯಾವುದು?"

"ಸೊನ್ನೆ ಪಾಯಿಂಟ್, ಆಮೇಲೆ ಆರು ಸಲ ಒಂಬತ್ತು."

"ಅದರ ಕಾಸ್ ಇನ್ವರ್ಸ್ ತೆಗೆದು ಭೂಮಿಯ ತ್ರಿಜ್ಯದಿಂದ ಗುಣಿಸಿ."

ಗುಣಿಸಿದರು. ಒಂಬತ್ತು ಪಾಯಿಂಟ್ ಸೊನ್ನೆ ಒಂದು. ಕನ್ನಡಕ ತೆಗೆದು, ಒರೆಸಿ, ಮತ್ತೆ ಗುಣಿಸಿದರು.

"ನಡುವೆ ಏನೂ ಇಲ್ಲ ಸರ್. ನಮ್ಮ ಲೆಕ್ಕದಲ್ಲಿ ಇಬ್ರು ಒಂದೇ ಜಾಗದಲ್ಲಿ ಇರಬೇಕು, ಇಲ್ಲಾಂದ್ರೆ ಒಂಬತ್ತು ಕಿಲೋಮೀಟರ್ ದೂರ ಇರಬೇಕು. ಪಕ್ಕದ ಮನೆ ಅನ್ನೋದೇ ಇಲ್ಲ. ಇನ್ನು ಲೆಕ್ಕ ಒಂದನ್ನು ಕೂದಲೆಳೆಯಷ್ಟು ದಾಟಿದ್ರೆ, ಅಂಥ ಕೋನವೇ ಇಲ್ಲ. ಆವಾಗ ನಾನ್ ಅನ್ನುತ್ತೆ."

ಕಾಸ್ ಇನ್ವರ್ಸ್‌ನ ಸ್ವಭಾವವೇ ಅದು. ಒಂದರ ಹತ್ತಿರ ಅದು ಘಾಟಿಯ ಅಂಚು. ಒಂದು ಹೆಜ್ಜೆ ಜಾರಿದರೆ ಎಷ್ಟೋ ಕೆಳಗೆ ಹೋಗಿ ಬೀಳುತ್ತೀರಿ. ಸೈನ್ ಇನ್ವರ್ಸ್ ಸೊನ್ನೆಯ ಹತ್ತಿರ ಗದ್ದೆಯ ಹಾಗೆ ಸಮತಟ್ಟು. ಒಂದು ಹೆಜ್ಜೆ ಇಟ್ಟರೆ ಒಂದು ಹೆಜ್ಜೆಯಷ್ಟೇ ಹೋಗುತ್ತೀರಿ. ಅದೇ ದೂರವನ್ನು ಸೈನ್ ಇನ್ವರ್ಸ್‌ನಿಂದ ಕಂಡುಹಿಡಿಯುವ ಇನ್ನೊಂದು ಸೂತ್ರವಿದೆ. ಹಡಗಿನವರು ಬಳಸುತ್ತಿದ್ದದ್ದು. ಅದನ್ನು ಹಾಕೋಣ, ಸಂಖ್ಯೆಗಳ ಬಾಲ ಕತ್ತರಿಸುವುದು ಬೇಡ ಎಂದೆ.

ಶಿವಶಂಕರಯ್ಯನವರು ಕ್ಯಾಲ್ಕುಲೇಟರನ್ನು ಮೇಜಿನ ಮೇಲೆ ಇಟ್ಟರು. ಆಮೇಲೆ ತಗ್ಗಿದ ದನಿಯಲ್ಲಿ, "ಕೊನೇಲಿ ರೌಂಡ್ ಮಾಡ್ಬಹುದಾ?" ಎಂದು ಕೇಳಿದರು.

"ಕೊನೇಲಿ ಎಷ್ಟು ಬೇಕಾದ್ರೂ ಮಾಡಿ ಸರ್."

"ಹಾಗಾದ್ರೆ ಒಂದೇ ದಶಮಾಂಶ" ಎಂದರು. ಕಳೆದುಕೊಂಡದ್ದನ್ನೆಲ್ಲ ಅಲ್ಲಿ ವಸೂಲು ಮಾಡಿಕೊಂಡರು.

ಹೊಸ ಸೂತ್ರದಲ್ಲಿ ಅಕ್ಕತಮ್ಮಂದಿರ ದೂರ ಸೊನ್ನೆ ಪಾಯಿಂಟ್ ಮೂರು ಕಿಲೋಮೀಟರ್ ಎಂದು ಬಂತು. ಬೆಳೆಗಾರರು ಒಪ್ಪಿದರು. ಸೈಟು ಶುರುವಾಯಿತು, ಅತಿಥಿಗಳೂ ಬರತೊಡಗಿದರು. ಸ್ವಲ್ಪ ದಿನದ ಮೇಲೆ ಗೌಡರಿಗೆ ಇ-ಮೇಲ್‌ಗೆ ಉತ್ತರ ಬರೆಯುವುದನ್ನು ಕಲಿಸಲು ನಾನೂ ಶಿವಶಂಕರಯ್ಯನವರೂ ಜಾವಳಿಗೆ ಹೋದೆವು. ಗೌಡರು ಒಂದೊಂದೇ ಅಕ್ಷರ ಹುಡುಕಿ ಒತ್ತುತ್ತಿರುವಾಗ ಅಂಗಳಕ್ಕೆ ಹುಬ್ಬಳ್ಳಿಯ ಕಡೆಯ ಒಂದು ಕಾರು ಬಂದು ನಿಂತಿತು. ಅದರಿಂದ ಇಳಿದವರು ಒಬ್ಬ ವಯಸ್ಸಾದ ತಾಯಿ, ಅವರ ಮಗ, ಸೊಸೆ. ಆ ತಾಯಿ ಹೈಸ್ಕೂಲಿನ ಹೆಡ್‌ಮಿಸ್ಟ್ರೆಸ್ ಆಗಿ ನಿವೃತ್ತರಾದವರಂತೆ. ರಸ್ತೆಯ ತಿರುವುಗಳಿಗೆ ದಾರಿಯುದ್ದಕ್ಕೂ ವಾಂತಿ ಮಾಡಿಕೊಂಡು ಸೋತುಹೋಗಿದ್ದರು. ಅವರು ರೂಮ್ ಹೇಳಿದ್ದು ಲಲಿತಮ್ಮನವರ ಮನೆಯಲ್ಲಿ. ಗೌಡರ ಬೋರ್ಡು ಮೊದಲು ಕಂಡಿತು, ಅಲ್ಲಿಂದ ಸೊನ್ನೆ ಪಾಯಿಂಟ್ ಮೂರೇ ತಾನೆ ಎಂದು ಒಳಗೆ ಬಂದಿದ್ದರು.

ಗೌಡರು ಮೇಲೆ ಕೆಳಗೆ ನೋಡಿ ಹೇಳಿದರು, "ದಾರಿ ಈ ಕಡೆಯಿಂದ ಇಲ್ಲ. ವಾಪಸ್ ಮೇನ್ ರೋಡಿಗೆ ಹೋಗಿ, ಗುಡ್ಡ ಸುತ್ಕೊಂಡು ಬರ್ಬೇಕು."

"ಎಷ್ಟ ತಿರುವು ಅದಾವ?" ಎಂದು ಕೇಳಿದರು ಆ ತಾಯಿ.

"ಇದಾವೆ ಸುಮಾರು."

ಅವರು ಕೈಯಲ್ಲಿದ್ದ ಪ್ರಿಂಟನ್ನು ಬಿಡಿಸಿ ಹಿಡಿದರು. "ನಾ ಇನ್ನ ಆ ಗಾಡಿ ಹತ್ತಂಗಿಲ್ಲ. ಈ ಹಾಳ್ಯಾಗ ಮುನ್ನೂರು ಮೀಟರ್ ಅಂತ ಬರದಾರ. ಮುನ್ನೂರು ಮೀಟರ್ ನನ್ನ ಕಾಲಾಗ ಇನ್ನೂ ಐತಿ. ಯಾ ಕಡೆ ಅಂತ ತೋರಸ್ರಿ, ನಡಕೊಂಡ ಹೋಗ್ತೀನಿ."

ಸೂತ್ರ ಅಳೆಯುವುದು ನೇರ ದೂರವನ್ನು, ಹಕ್ಕಿ ಹಾರಿದ ಹಾಗೆ. ನಡೆದು ಹೋಗುವವರಿಗೆ ನಡುವೆ ಬೇಲಿ ಇತ್ತು, ಬೇಲಿಯಲ್ಲಿ ಒಂದು ಕಬ್ಬಿಣದ ಗೇಟಿತ್ತು, ಗೇಟಿಗೆ ಎರಡು ಬೀಗಗಳಿದ್ದವು. ಒಂದು ತಮ್ಮ ಹಾಕಿದ್ದು, ಇನ್ನೊಂದು ಅದಕ್ಕೆ ಉತ್ತರವಾಗಿ ಅಕ್ಕ ಹಾಕಿದ್ದು. ನಾವು ಹೋಗಿ ನೋಡುವಷ್ಟರಲ್ಲಿ ಆ ತಾಯಿ ಗೇಟಿನ ಮುಂದಿದ್ದ ಕಲ್ಲಿನ ಮೇಲೆ ಬ್ಯಾಗಿಟ್ಟುಕೊಂಡು ಕೂತಾಗಿತ್ತು.

ಗೌಡರು ಮನೆಗೆ ಬಂದು, ಪುಸ್ತಕ ನೋಡದೆಯೇ ಒಂದು ನಂಬರ್ ಒತ್ತಿ, ರಿಸೀವರನ್ನು ನನ್ನ ಕೈಗೆ ಕೊಟ್ಟರು. "ನೀವೇ ಹೇಳಿ ಟೀಚರ್. ನಿಮ್ಮ ಲೆಕ್ಕ ನಂಬಿ ಬಂದೋರು."

ಲಲಿತಮ್ಮನವರಿಗೆ ವಿಷಯ ಹೇಳಿದೆ. ಅವರು, "ಮೊದ್ಲು ಬೀಗ ಹಾಕಿದ್ದು ಅವ್ನು. ಮೊದ್ಲು ಅವ್ನೇ ತೆಗೀಲಿ ಅಂತ ಹೇಳಿ" ಎಂದರು.

ನಾನು ಹೇಳಬೇಕಾಗಲಿಲ್ಲ. "ಕೇಳಿಸ್ತು" ಎಂದರು ಗೌಡರು. "ಪಲ್ಪರ್ ಹಲ್ಲು ಮುರಿದ ಮೇಲೆ ಹಾಕಿದ್ದು ಅಂತ ಹೇಳಿ."

"ಹಲ್ಲು ಅಪ್ಪ ಇರೋವಾಗ್ಲೇ ಮುರಿದಿತ್ತು ಅಂತ ಹೇಳಿ."

"ಅಪ್ಪ ಹಾಗೆ ಯಾವತ್ತೂ ಹೇಳಿಲ್ಲ ಅಂತ ಹೇಳಿ."

ನಾನು ರಿಸೀವರನ್ನು ಇಬ್ಬರಿಗೂ ಕೇಳುವ ಹಾಗೆ ಗಾಳಿಯಲ್ಲಿ ಹಿಡಿದು ನಿಂತೆ. ಆಗ ಶಿವಶಂಕರಯ್ಯನವರು ಅದನ್ನು ನನ್ನ ಕೈಯಿಂದ ತೆಗೆದುಕೊಂಡು, ಬ್ಯಾಂಕಿನವರ ದನಿಯಲ್ಲಿ, "ಎರಡು ಕೀ ಇರೋ ಲಾಕರನ್ನ ಇಬ್ರೂ ಒಟ್ಟಿಗೇ ನಿಂತು ತೆಗೀತಾರೆ ಅಮ್ಮ. ಯಾರು ಮೊದ್ಲು ಅಂತ ಅದರಲ್ಲಿ ಇಲ್ಲ. ನಾನು ಹೇಳಿದಾಗ ತಿರುಗಿಸಿ" ಎಂದರು.

ಗೇಟಿನ ಆ ಕಡೆಯಿಂದ ಲಲಿತಮ್ಮನವರು ಬಂದರು. ಈ ಕಡೆ ಗೌಡರು. ಕೀಲಿಕೈ ಅವರ ಜೇಬಿನಲ್ಲೇ ಇತ್ತು. ನಡುವೆ ನಿಂತು ಶಿವಶಂಕರಯ್ಯನವರು ಒಂದು, ಎರಡು, ಮೂರು ಎಂದರು. ಎರಡು ಬೀಗಗಳೂ ಒಂದೇ ತಿರುವಿಗೆ ತೆರೆದುಕೊಂಡವು. ಅವರು ಬಗ್ಗಿ, ಅಕೌಂಟ್ಸಿನವರ ಕಣ್ಣಿನಿಂದ ಎರಡನ್ನೂ ಪರೀಕ್ಷಿಸಿ, "ಎರಡಕ್ಕೂ ಎಣ್ಣೆ ಹಾಕ್ತಾ ಇದ್ದಾರೆ" ಎಂದು ನನಗೊಬ್ಬಳಿಗೆ ಕೇಳಿಸುವಂತೆ ಹೇಳಿದರು. ಅಂದುಕೊಂಡದ್ದಕ್ಕಿಂತ ಗಟ್ಟಿಯಾಗಿಯೇ ಕೇಳಿಸಿತು. ಅಕ್ಕ ತಮ್ಮ ಇಬ್ಬರೂ ಬೇರೆಬೇರೆ ಕಡೆ ನೋಡಿದರು.

ಬೀಗ ತೆರೆದರೂ ಗೇಟು ಅಲುಗಲಿಲ್ಲ. ಬುಡದಲ್ಲಿ ಮಣ್ಣು ಕೂತು ಬಳ್ಳಿ ಹಬ್ಬಿತ್ತು.

"ಒಂದ ತಾಯಿ ಮಕ್ಕಳು ಅಂತ ಇಬ್ಬರ ಮಾರಿ ನೋಡಿದ್ರ ಗೊತ್ತಾಗತೈತಿ" ಎಂದರು ಕಲ್ಲಿನ ಮೇಲೆ ಕೂತಿದ್ದ ಹೆಡ್‌ಮಿಸ್ಟ್ರೆಸ್, ಕ್ಲಾಸಿನ ಎರಡು ಮಕ್ಕಳಿಗೆ ಹೇಳುವ ಹಾಗೆ. "ಸುಮ್ನ ನಿಂತ್ರ ಹೆಂಗ? ದೂಡ್ರಿ."

ಲಲಿತಮ್ಮನವರು ಸೆರಗು ಸಿಕ್ಕಿಸಿಕೊಂಡರು. "ಮಂಜ, ಆ ಕಡೆ ಹಿಡಿ" ಎಂದರು. ಗೌಡರು ಹಿಡಿದರು. ಎರಡನೆಯ ಸಲ ದೂಡಿದಾಗ ಗೇಟು ಕಿರುಗುಟ್ಟುತ್ತ ತೆರೆದುಕೊಂಡಿತು. ಆ ತಾಯಿ ಎದ್ದು, ಯಾರ ಕೈಯನ್ನೂ ಹಿಡಿಯದೆ, ಕಾಫಿ ಗಿಡಗಳ ನಡುವಿನ ದಾರಿಯಲ್ಲಿ ಮೆಲ್ಲಗೆ ನಡೆದು ಹೊರಟರು.

"ನೀವೂ ಬನ್ನಿ, ತಿಂಡಿ ತಿಂದ್ಕೊಂಡು ಹೋಗಿ" ಎಂದು ಲಲಿತಮ್ಮನವರು ನಮ್ಮನ್ನು ಕರೆದರು. ನಾವು ದಾಟಿದೆವು. ಗೌಡರು ಗೇಟಿನ ಸರಳು ಹಿಡಿದುಕೊಂಡು ಅಲ್ಲೇ ನಿಂತಿದ್ದರು. ಲಲಿತಮ್ಮನವರು ನಾಲ್ಕು ಹೆಜ್ಜೆ ಹೋದವರು, ತಿರುಗಿ ನೋಡದೆ, "ನಿಂಗೆ ಬೇರೆ ಹೇಳ್ಬೇಕಾ?" ಎಂದರು.

ತಿಂಡಿಗೆ ಕೂತಾಗ ಇಬ್ಬರೂ ಪಲ್ಪರ್ ವಿಷಯದಲ್ಲಿ ಜೋರಾಗಿಯೇ ಜಗಳವಾಡಿದರು. ನಡುವೆ ನಾನು ಬೇಕಾಗಲಿಲ್ಲ.

ಆದರೆ ಶಿವಶಂಕರಯ್ಯನವರ ಮನಸ್ಸಿಗೆ ನೆಮ್ಮದಿ ಇರಲಿಲ್ಲ. ಸಂಜೆ ಹೊರಡುವಾಗ ಗೇಟು ಮತ್ತೆ ಹಾಕಿದ್ದನ್ನು ಅವರು ನೋಡಿದ್ದರು. ಸೂತ್ರ ಸರಿಯಿರಬಹುದು, ಆದರೆ ನಾವು ಬರೆದದ್ದನ್ನು ನಂಬಿ ಇನ್ನೊಬ್ಬರು ಕಲ್ಲಿನ ಮೇಲೆ ಕೂರಬಾರದು ಎಂಬುದು ಅವರ ವಾದ. ಮಾರನೆಯ ದಿನ ಆ ಪುಟದ ಪ್ರಿಂಟಿನ ಮೇಲೆ, ಸೊನ್ನೆ ಪಾಯಿಂಟ್ ಮೂರರ ಪಕ್ಕದಲ್ಲಿ, ಕೆಂಪು ಪೆನ್ನಿನಿಂದ ಎರಡು ಪದ ಸೇರಿಸಿ ನನಗೆ ಕೊಟ್ಟರು. ನಾನು ಹಾಗೆಯೇ ಸೈಟಿಗೆ ಹಾಕಿದೆ: ನೇರ ದೂರ 0.3 ಕಿ.ಮೀ. (ಗೇಟ್ ತೆಗೆದಿದ್ದರೆ).

ಈಗ ಇಂಥ ಕೆಲಸವನ್ನೆಲ್ಲ ನಕ್ಷೆಯ ಕಂಪನಿಗಳೇ ಮಾಡಿಕೊಡುತ್ತವೆ. ದೂರ ಬೇಕೆಂದರೆ ಒಂದು ಸಾಲು ಬರೆದರೆ ಸಾಕು; ರಸ್ತೆಯ ತಿರುವುಗಳೂ ಸೇರಿ ಉತ್ತರ ಬರುತ್ತದೆ. ಹೊಸಬರಿಗೆ ಸೈನ್ ಇನ್ವರ್ಸ್ ಮುಟ್ಟುವ ಪ್ರಮೇಯವೇ ಬರುವುದಿಲ್ಲ. ಮುಟ್ಟಬೇಕಾಗಿ ಬಂದರೆ, ನೀವು ಪರೀಕ್ಷಿಸುವ ಊರುಗಳಲ್ಲಿ ಒಂದಾದರೂ ಪಶ್ಚಿಮಕ್ಕಿರಲಿ, ಒಂದಾದರೂ ಪಕ್ಕದ ಮನೆಯಾಗಿರಲಿ.

ಆ ಕಾಫಿ ಕೊಯ್ಲು ಮುಗಿದ ಮೇಲೆ ಒಂದು ದಿನ ಲಲಿತಮ್ಮನವರು ಆಫೀಸಿಗೆ ಫೋನ್ ಮಾಡಿದರು.

"ಮೇಡಂ, ನಮ್ಮ ಪುಟದಲ್ಲಿ ಆ ಬ್ರಾಕೆಟ್‌ನಲ್ಲಿ ಎಂತದೋ ಹಾಕಿದೀರಲ್ಲ, ಗೇಟ್ ತೆಗೆದಿದ್ದರೆ ಅಂತ. ಅದನ್ನ ಅಳ್ಸಿಬಿಡಿ."

"ಗೇಟನ್ನ ಈಗ ದಿನಾ ತೆಗ್ದೇ ಇಡ್ತೀರಾ ಅಮ್ಮ?"

"ಎಂತಕ್ಕೆ ಇಡೋದು? ತೆಗ್ದೇಬಿಟ್ವಿ. ಮಂಜನ ಕೊಟ್ಟಿಗೆಗೆ ಬಾಗಿಲಿರ್ಲಿಲ್ಲ, ಅಲ್ಲಿಗೆ ಹಾಕಿದೀವಿ."